ಹಗ್ಗದ ಬಾಲ

ಪೆಟ್ಟಿಗೆಯ ಮುಚ್ಚಳ ಹಾಕುವ ಮುಂಚೆ ಬೇಕರಿಯವನು ಹಗ್ಗವನ್ನು ಸುರುಳಿ ಸುತ್ತಿ ತಂದು ಸತ್ತವನ ಎದೆಯ ಮೇಲಿಟ್ಟ. ಬೇಡ ಎನ್ನಲು ಮಗಳು ಬಾಯಿ ತೆರೆದಳು. ಅಷ್ಟರಲ್ಲಿ ಸುತ್ತ ನಿಂತವರೆಲ್ಲ ಮೂಗೊರೆಸಿಕೊಳ್ಳಲು ಶುರುಮಾಡಿದ್ದರಿಂದ ಸುಮ್ಮನಾದಳು.

"ಅವರ ಹಗ್ಗ ಅವರ ಜೊತೇಲೇ ಹೋಗ್ಲಿ ಅಂತ ನಾವೆಲ್ಲ ಮಾತಾಡ್ಕೊಂಡ್ವಿ, ಅಕ್ಕ," ಎಂದ ಬೇಕರಿಯವನು. "ಹೊಸದಕ್ಕೆ ಹೇಳಿದೀವಿ. ಸೋಮವಾರ ಬರುತ್ತೆ."

ಅವನ ಕಣ್ಣು ಕೆಂಪಾಗಿತ್ತು. ಟೈಲರ್ ಗೋಡೆಗೆ ಹಣೆ ಒತ್ತಿ ನಿಂತಿದ್ದ. ಪೋಸ್ಟ್‌ಮನ್ ಸಮವಸ್ತ್ರದಲ್ಲೇ ಬಂದು, ಚೀಲವನ್ನು ಬಾಗಿಲ ಹೊರಗಿಟ್ಟು ಒಳಗೆ ಬಿಕ್ಕುತ್ತಿದ್ದ. ಊರವರು ಅಳುತ್ತಿದ್ದರು, ಸ್ವಂತ ಮಗಳ ಕಣ್ಣು ಮಾತ್ರ ಒಣಗಿತ್ತು. ಅವಳಿಗೆ ಅದರ ನಾಚಿಕೆಯೂ ಇತ್ತು, ಸಿಟ್ಟೂ ಇತ್ತು. ಬದುಕಿದ್ದಾಗಲೂ ಹಗ್ಗ, ಸತ್ತ ಮೇಲೂ ಹಗ್ಗ. ಆ ಎದೆಯ ಮೇಲೆ ತಲೆಯಿಟ್ಟು ಮಲಗಿದ ನೆನಪು ಅವಳಿಗಿರಲಿಲ್ಲ. ಹಗ್ಗಕ್ಕೆ ಮಾತ್ರ ಜಾಗ ಸಿಕ್ಕಿತ್ತು.

ನೋಡಲು ಅದೇನು ಮಹಾ ವಸ್ತುವಲ್ಲ. ಒಂದು ಕಾಲಕ್ಕೆ ಬೆಳ್ಳಗಿದ್ದು ಈಗ ಬೂದಿ ಬಣ್ಣಕ್ಕೆ ತಿರುಗಿದ ದಪ್ಪ ಹಗ್ಗ. ಎರಡೂ ಬದಿಗೆ ಹಳೆಯ ಅಂಗಿ ಬಟ್ಟೆಯಲ್ಲಿ ಹೊಲಿದ ಹಿಡಿಕೆಗಳು. ಕಲ್ಲು ಕ್ವಾರಿಯ ಕಾಲೋನಿಗೂ ಶಾಲೆಗೂ ಮಧ್ಯೆ ಲಾರಿಗಳ ರಸ್ತೆಯೊಂದೇ ದಾರಿ. ಅಪ್ಪ ಅಮ್ಮಂದಿರೆಲ್ಲ ಕೆಲಸದಲ್ಲಿರುವ ಹೊತ್ತಿನಲ್ಲಿ, ಮಕ್ಕಳು ಒಂದೊಂದು ಹಿಡಿಕೆ ಹಿಡಿದು ಸಾಲಾಗಿ ಹೋಗಬೇಕು, ಸಾಲಾಗಿ ಬರಬೇಕು. ಹಗ್ಗದ ತಲೆಯಲ್ಲೊಬ್ಬರು ದೊಡ್ಡವರು, ಬಾಲದಲ್ಲೊಬ್ಬರು. ಬಾಲ ಎಂದರೆ ಅವಳ ಅಪ್ಪ. ಕ್ವಾರಿಯ ವೇಬ್ರಿಡ್ಜಿನಲ್ಲಿ ರಾತ್ರಿಯೆಲ್ಲ ಲಾರಿ ತೂಗಿ, ಹಗಲು ಅದೇ ಲಾರಿಗಳಿಂದ ಮಕ್ಕಳನ್ನು ಕಾಯುತ್ತಿದ್ದ. ಮಕ್ಕಳು ಮೊದಲು ಬಾಲದ ಮಾಮ ಎನ್ನುತ್ತಿದ್ದರು, ತಲೆ ನರೆತ ಮೇಲೆ ಬಾಲದಜ್ಜ ಎಂದರು. ಬಾಲ ಎಂದು ಕರೆದರೆ ಬೇರೆ ಯಾರಾದರೂ ಬೆನ್ನಟ್ಟಿ ಹೊಡೆಯುತ್ತಿದ್ದರು, ಅವನು ಓಗೊಡುತ್ತಿದ್ದ.

ನಿಯಮಗಳನ್ನು ಮಾಡಿದವನೂ ಅವನೇ. ಹಗ್ಗ ಬರದೆ ಗೇಟು ದಾಟಬಾರದು. ಮನೆ ಬಾಗಿಲು ಬರುವವರೆಗೆ ಹಿಡಿಕೆ ಬಿಡಬಾರದು. ಮತ್ತೊಂದು ದೊಡ್ಡವರಿಗೆ: ಹಗ್ಗದ ತಲೆ, ಬಾಲ ಹಿಡಿಯುವವರು ತಮ್ಮ ಸ್ವಂತ ಮಗುವಿನ ಪಕ್ಕ ನಡೆಯಬಾರದು.

"ನಾನೀಗ ಹಗ್ಗದ ತಲೆ ಹಿಡೀತೀನಲ್ಲ, ನನ್ನ ಮಗ ಕೊನೇ ಹಿಡಿಕೆ," ಎಂದು ಬೇಕರಿಯವನು ಹೆಮ್ಮೆಯಿಂದ ಹೇಳಿದ. "ಯಾಕೆ ಅಂತ ಕೇಳಿದ್ರೆ ಅಜ್ಜ ಹೇಳ್ತಿರಲಿಲ್ಲ. ಮಾಡು ಅಷ್ಟೆ ಅಂತಿದ್ರು."

ಮಗಳು ತಲೆಯಾಡಿಸಿದಳು. ಆ ನಿಯಮ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

*

ಅವಳು ಹಗ್ಗ ಹಿಡಿದ ಮೊದಲ ದಿನ ಓಡಿಹೋಗಿ ನಿಂತದ್ದು ಕಟ್ಟಕಡೆಯ ಹಿಡಿಕೆಯ ಬಳಿ, ಅಪ್ಪನ ಪಕ್ಕ. ಅಪ್ಪ ಕೈ ಚಾಚಲಿಲ್ಲ. ಗದ್ದವೆತ್ತಿ ಮುಂದೆ ತೋರಿಸಿದ. ಅವಳು ಅಲುಗಲಿಲ್ಲ. ಮತ್ತೆ ಗದ್ದವೆತ್ತಿದ. ಸಾಲಿನ ಮಕ್ಕಳೆಲ್ಲ ತಿರುಗಿ ನೋಡುತ್ತಿದ್ದಾಗ ಅವಳು ಅಳುತ್ತ ಅಷ್ಟುದ್ದ ನಡೆದು ಹೋಗಿ ಮೊದಲ ಹಿಡಿಕೆ ಹಿಡಿದಳು. ಅಲ್ಲಿ ಇಸ್ತ್ರಿ ಅತ್ತೆ ಇದ್ದಳು. ಕಾಲೋನಿಯವರ ಬಟ್ಟೆಗೆಲ್ಲ ಇಸ್ತ್ರಿ ಹಾಕುವ ಅವಳ ಅಂಗೈ ಸದಾ ಬೆಚ್ಚಗಿರುತ್ತಿತ್ತು. ಆ ಅಂಗೈಯೊಳಗೆ ಮಗಳ ಬಾಲ್ಯವೆಲ್ಲ ಕಳೆಯಿತು.

ನಡೆಯುತ್ತ ಅವಳು ಹಿಂದಿರುಗಿ ನೋಡುತ್ತಿದ್ದಳು. ದೂರದಲ್ಲಿ ಅಪ್ಪ ಯಾರದೋ ಮಗುವಿನ ಚೀಲ ಹೆಗಲಿಗೇರಿಸಿಕೊಂಡಿರುತ್ತಿದ್ದ, ಯಾರದೋ ಬೆರಳು ಹಿಡಿದಿರುತ್ತಿದ್ದ. ಕಣ್ಣು ಮಾತ್ರ ಅವಳ ಮೇಲೇ. ನಗುತ್ತಿರಲಿಲ್ಲ. ಗದ್ದವೆತ್ತುತ್ತಿದ್ದ: ಮುಂದೆ ನೋಡಿ ನಡಿ. ಮನೆಯಲ್ಲಿ ಜಡೆ ಹೆಣೆದು ಕೊಡುತ್ತಿದ್ದ, ಜ್ವರ ಬಂದರೆ ರಜೆ ಹಾಕಿ ಕೂರುತ್ತಿದ್ದ. ಹೊಸ್ತಿಲು ದಾಟಿದರೆ ಮಾತ್ರ ಎರಡೂ ಕೈ ಬೆನ್ನ ಹಿಂದೆ ಹೋಗುತ್ತಿದ್ದವು. ಒಮ್ಮೆ ಅವಳು ಎಡವಿ ಮಂಡಿ ತರಚಿಕೊಂಡಾಗ ಎತ್ತಿದ್ದು ಅತ್ತೆ. ಅಪ್ಪ ಬಾಲ ಬಿಟ್ಟು ಬರಲಿಲ್ಲ. ಮನೆಗೆ ಮಾರಿ, ಪರರಿಗೆ ಉಪಕಾರಿ ಎಂಬ ಗಾದೆಯನ್ನು ಶಾಲೆಯಲ್ಲಿ ಕಲಿಸಿದ ದಿನ ಅವಳಿಗೆ ಅರ್ಥ ಬಿಡಿಸಿ ಹೇಳಬೇಕಾಗಲಿಲ್ಲ.

ಅವಳು ಓದಲು ಬೇರೆ ಊರಿಗೆ ಹೊರಟಾಗಲೂ ಅವನು ಪ್ಲಾಟ್‌ಫಾರ್ಮಿನಲ್ಲಿ ಕೈ ಹಿಂದೆ ಕಟ್ಟಿಕೊಂಡೇ ನಿಂತಿದ್ದ. ಅವಳು ಆಸ್ಪತ್ರೆಯೊಂದರ ಎಕ್ಸ್‌ರೇ ಕೋಣೆಯಲ್ಲಿ ಕೆಲಸಕ್ಕೆ ಸೇರಿದಳು, ಅಲ್ಲೇ ಒಂಟಿಯಾಗಿ ಉಳಿದಳು. ಕರೆ ಮಾಡಿದರೆ ಇಬ್ಬರೂ ಊಟ ಆಯ್ತಾ ಎಂದು ಕೇಳಿ, ಆಯ್ತು ಎಂದು ಹೇಳಿ, ಇಡುತ್ತಿದ್ದರು.

*

ಮಣ್ಣು ಮಾಡುವ ಜಾಗ ಶಾಲೆಯ ಹಿಂದಿನ ದಿಬ್ಬದ ಮೇಲಿತ್ತು. ಗುಂಡಿ ತೋಡುವವನ ಕೆಲಸ ಇನ್ನೂ ಮುಗಿದಿರಲಿಲ್ಲ. ನಡುವೆ ಬಂಡೆ ಸಿಕ್ಕಿತ್ತಂತೆ. ಗಂಡಸರು ಬೇಲಿಯ ಪಕ್ಕ ನಿಂತು ಬಾಲದಜ್ಜನ ಕತೆಗಳನ್ನು ಹೇಳಿಕೊಳ್ಳುತ್ತಿದ್ದರು. ಮಗಳು ಪೆಟ್ಟಿಗೆಯ ಬಳಿ ಕಲ್ಲಿನ ಮೇಲೆ ಕುಳಿತಳು. ಸಂಜೆಯ ರೈಲಿಗೆ ಹೊರಡುವುದೆಂದು ಬೆಳಿಗ್ಗೆಯೇ ತೀರ್ಮಾನಿಸಿದ್ದಳು. ಹೋಗುವ ಮೊದಲು ಅವಳಿಗೆ ಬೇಕಾಗಿದ್ದದ್ದು ಒಂದೇ ಒಂದು. ರಸ್ತೆಯಲ್ಲಿ, ನಾಲ್ಕು ಜನರ ಎದುರು, ಅಪ್ಪ ತನ್ನ ಕೈ ಹಿಡಿದ ಒಂದೇ ಒಂದು ನೆನಪು. ಅದು ಸಿಕ್ಕಿದ್ದರೆ ಅತ್ತುಬಿಡಬಹುದಿತ್ತು. ಬೆಳಗಿನಿಂದ ಹುಡುಕುತ್ತಿದ್ದಳು, ಸಿಕ್ಕಿರಲಿಲ್ಲ.

ಇಸ್ತ್ರಿ ಅತ್ತೆ ಕೋಲೂರಿಕೊಂಡು ಬಂದು ಪಕ್ಕದಲ್ಲಿ ಕುಳಿತಳು. ಮಂಡಿ ಕೈಕೊಟ್ಟ ಮೇಲೆ ಅವಳು ಹಗ್ಗದ ತಲೆಯನ್ನು ಬೇಕರಿಯವನಿಗೆ ಒಪ್ಪಿಸಿ ಮನೆ ಹಿಡಿದಿದ್ದಳು. ಬೆನ್ನು ಬಾಗಿತ್ತು, ಅಂಗೈ ಮಾತ್ರ ಹಾಗೇ ಇತ್ತು.

"ನಿಮ್ಮ ಕೈ ನಂಗೆ ಚೆನ್ನಾಗಿ ನೆನಪಿದೆ, ಅತ್ತೆ," ಎಂದಳು ಮಗಳು. "ಅವರ ಕೈ ಹೆಂಗಿತ್ತು ಅಂತಾನೇ ಗೊತ್ತಿಲ್ಲ."

ಅತ್ತೆ ಕೋಲನ್ನು ಕಲ್ಲಿಗೆ ಒರಗಿಸಿಟ್ಟಳು. ಆಮೇಲೆ ಕೇಳಿದಳು, "ನಿನ್ನ ಎಡಭುಜ ಈಗಲೂ ನೋಯುತ್ತಾ?"

"ಚಳಿ ಬಂದ್ರೆ ನೋಯುತ್ತೆ. ಚಿಕ್ಕೋಳಿದ್ದಾಗ ಮೆಟ್ಟಿಲಿಂದ ಬಿದ್ದು ಕೀಲು ತಪ್ಪಿತ್ತಂತೆ. ಅಪ್ಪ ಹೇಳ್ತಿದ್ರು."

"ನಿಮ್ಮ ಮನೇಲಿ ಮೆಟ್ಟಿಲು ಎಲ್ಲಿತ್ತೇ?"

ಮಗಳು ತಿರುಗಿ ನೋಡಿದಳು. ದಿನವೂ ಇನ್ನೊಬ್ಬರ ಮೂಳೆಯ ಚಿತ್ರ ತೆಗೆಯುವವಳು, ಇದನ್ನು ಒಂದು ದಿನವೂ ಯೋಚಿಸಿರಲಿಲ್ಲ. ಅವರದು ನೆಲಕ್ಕಂಟಿದ ಮನೆ. ಬಾಗಿಲಿಗೆ ಒಂದು ಕಲ್ಲಿತ್ತು, ಅಷ್ಟೆ.

*

ಹಗ್ಗ ಶುರುವಾದದ್ದು ಲಾರಿಗೆ ಸಿಕ್ಕಿದ ಹುಡುಗನಿಂದ ಎಂಬುದು ಕಾಲೋನಿಗೆಲ್ಲ ಗೊತ್ತು. ಆ ಹುಡುಗ ಇಸ್ತ್ರಿ ಅತ್ತೆಯ ಒಬ್ಬನೇ ಮಗ ಎಂಬುದೂ ಗೊತ್ತು. ಆಗ ಬಾಲವೂ ಇರಲಿಲ್ಲ, ತಲೆಯೂ ಇರಲಿಲ್ಲ. ಅತ್ತೆಗೆ ಒಲೆಯ ಮೇಲೆ ಇಸ್ತ್ರಿ ಪೆಟ್ಟಿಗೆ, ಪಕ್ಕದಲ್ಲಿ ಬೆಟ್ಟದಷ್ಟು ಬಟ್ಟೆ. ಹೆಂಡತಿಯನ್ನು ಕಳೆದುಕೊಂಡ ಎದುರುಮನೆಯವನು ತನ್ನ ಪುಟ್ಟ ಮಗಳನ್ನು ಶಾಲೆಯ ಪಕ್ಕದ ಅಂಗನವಾಡಿಗೆ ಕರೆದುಕೊಂಡು ಹೋಗುವಾಗ ಇವಳ ಮಗನನ್ನೂ ಕರೆದುಕೊಂಡು ಹೋಗುತ್ತಿದ್ದ. ಬಲಗೈಗೆ ಹುಡುಗ, ಎಡಗೈಗೆ ಮಗಳು. ಅಂದು ತಿರುವಿನಲ್ಲಿ ತುಂಬಿದ ಲಾರಿ ಹಿಡಿತ ತಪ್ಪಿ ಅಂಚಿಗೆ ಬಂತು. ಕಣ್ಣು ಮಿಟುಕಿಸುವಷ್ಟು ಹೊತ್ತು ಸಿಕ್ಕಿತ್ತು ಅವನಿಗೆ. ಎಡಗೈ ಎಳೆಯಿತು; ಎಳೆದ ರಭಸಕ್ಕೆ ಮಗಳ ಭುಜದ ಕೀಲು ತಪ್ಪಿತು. ಬಲಗೈ ಬಿಟ್ಟಿತು.

*

"ಯಾರೂ ನೋಡಿರಲಿಲ್ಲ," ಎಂದಳು ಅತ್ತೆ. "ಹುಡುಗ ಕೈ ಕೊಸರಿಕೊಂಡು ಓಡಿದ ಅಂದಿದ್ರೆ ನಂಬ್ತಿದ್ದೆ. ಓಡೋ ಹುಡುಗಾನೇ ಅವನು. ಆದ್ರೆ ಇವನೇ ಬಂದು ಹೇಳಿದ. ನನ್ನ ಕೈಯೇ ಬಿಡ್ತು ಅಂದ. ತುಂಬ ದಿನ ನಾನು ಅವನ ಮುಖ ನೋಡ್ಲಿಲ್ಲ. ಆಮೇಲೊಂದು ದಿನ ಆ ಹಗ್ಗ ತಂದು ಮುಂದಿಟ್ಟ. ಹಿಡಿಕೆ ಹೊಲಿದು ಕೊಡು ಅಂದ. ಅಪಾಯ ಬಂದಾಗ ಕೈ ತನ್ನ ಮಗೂನೇ ಹುಡುಕುತ್ತೆ, ಅದಕ್ಕೇ ಯಾರೂ ತಮ್ಮ ಮಗುವಿನ ಪಕ್ಕ ಇರಬಾರ್ದು ಅಂದ. ಮಗನ ಅಂಗಿ ಇದ್ವಲ್ಲ, ಅದ್ರಲ್ಲೇ ಹೊಲಿದೆ."

ಗುಂಡಿಯಲ್ಲಿ ಹಾರೆ ಕಲ್ಲಿಗೆ ತಾಗಿ ಸದ್ದು ಮಾಡಿತು.

"ಹೊಲಿದು ಕೊಟ್ಟಾಗ ಕೇಳಿದ, ನನ್ನ ಮಗಳ ಕೈ ನೀನು ಹಿಡೀತೀಯಾ ಅಂತ. ಕೇಳೋಕೆ ಎಷ್ಟು ಧೈರ್ಯ ಬೇಕು ಹೇಳು. ಮೊದಲ್ನೇ ದಿನ ನಿನ್ನ ಕೈ ಹಿಡ್ಕೊಂಡು ಆ ತಿರುವು ದಾಟುವಾಗ ನನ್ನ ಮನಸ್ಸಲ್ಲಿ ಏನೇನು ಬಂತೋ, ಅದನ್ನ ಈಗಲೂ ಹೇಳಲ್ಲ. ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಹಿಂದೆ ನಡ್ಕೊಂಡು ಬಂದ."

ಮಗಳ ಬಲಗೈ ತಾನಾಗಿ ಎಡಭುಜದ ಮೇಲೆ ಹೋಯಿತು. ಬೆಳಗಿನಿಂದ ಹುಡುಕಿದ್ದು ಅಲ್ಲೇ ಇತ್ತು, ಪ್ರತಿ ಚಳಿಗಾಲವೂ ನೋಯುತ್ತಲೇ ಇತ್ತು. ಅಪ್ಪ ಕೈ ಹಿಡಿದಿದ್ದ. ಭುಜ ಕಳಚುವಷ್ಟು ಗಟ್ಟಿಯಾಗಿ ಹಿಡಿದಿದ್ದ. ಅವಳಿಗೆ ಅಳು ಬರಬೇಕಿತ್ತು. ಬರುವುದರೊಳಗೆ ದಿಬ್ಬದ ಕೆಳಗೆ ಶಾಲೆಯ ಗಂಟೆ ಹೊಡೆಯಿತು.

ಬೇಲಿಯ ಬಳಿ ಮಾತು ನಿಂತುಹೋಯಿತು. ಬೇಕರಿಯವನು ಟೈಲರ್ ಮುಖ ನೋಡಿದ. ಬಾಲದಜ್ಜ ಹಾಸಿಗೆ ಹಿಡಿದ ಮೇಲೆ ಬಾಲ ಹಿಡಿಯುತ್ತಿದ್ದವನು ಟೈಲರ್. ಅವನು ಪೋಸ್ಟ್‌ಮನ್ ಮುಖ ನೋಡಿದ. ಇವತ್ತು ನೀನು ಹೋಗ್ತೀಯ ಅಂದ್ಕೊಂಡೆ, ಇಲ್ಲ ನೀನು ಯಾರಿಗೋ ಹೇಳಿದೀಯ ಅಂದ್ಕೊಂಡೆ ಎಂದು ಒಬ್ಬರ ಮೇಲೊಬ್ಬರು ಹಾಕಿಕೊಂಡರು. ಹತ್ತು ಜನ ಸೇರಿ ಹೊಡೆದರೆ ಹಾವು ಸಾಯುವುದಿಲ್ಲ ಎನ್ನುವುದು ಸುಳ್ಳಲ್ಲ. ಇಷ್ಟು ವರ್ಷದಲ್ಲಿ ಒಂದು ದಿನವೂ ತಪ್ಪದ ಹಗ್ಗ, ಅದನ್ನು ತಪ್ಪದೆ ನಡೆಸಿದವನ ಮಣ್ಣಿಗೆ ಎಲ್ಲರೂ ಬಂದದ್ದರಿಂದಲೇ ತಪ್ಪಿಹೋಗಿತ್ತು.

"ಓಡಿಹೋಗಿ ಹಾಗೇ ಕರ್ಕೊಂಡು ಬರೋಣ," ಎಂದ ಪೋಸ್ಟ್‌ಮನ್.

"ಹಗ್ಗ ಇಲ್ದೆ ಬರಲ್ಲ ಅವು," ಎಂದ ಬೇಕರಿಯವನು. ಅವನ ದನಿ ಇಳಿದುಹೋಗಿತ್ತು. "ಅಜ್ಜ ಹಂಗೆ ಕಲಿಸಿದಾರೆ. ನನ್ನ ಮಗ ನಾನು ಕರೆದ್ರೂ ಬರಲ್ಲ."

ಎಲ್ಲರೂ ಪೆಟ್ಟಿಗೆಯತ್ತ ನೋಡಿದರು. ಅದನ್ನು ತೆರೆಯಿರಿ ಎನ್ನುವ ಹಕ್ಕು ಅಲ್ಲಿ ಒಬ್ಬಳಿಗೆ ಮಾತ್ರ ಇತ್ತು.

"ತೆಗೀರಿ," ಎಂದಳು ಮಗಳು.

ಟೈಲರ್ ಮುಚ್ಚಳ ಎತ್ತಿ ಹಿಡಿದ. ಮಗಳು ಬಗ್ಗಿದಳು. ಹಗ್ಗದ ಸುರುಳಿಯ ಕೆಳಗೆ ಅಪ್ಪನ ಎರಡೂ ಕೈಗಳನ್ನು ಜೋಡಿಸಿಟ್ಟಿದ್ದರು. ಅವಳು ಮೊದಲು ಎಡಗೈ ಹಿಡಿದಳು. ತಣ್ಣಗಿತ್ತು, ಅಂಗೈಯಲ್ಲಿ ಹಗ್ಗ ಉಜ್ಜಿ ಉಜ್ಜಿ ದಪ್ಪಗಟ್ಟಿದ ಗೆರೆಯಿತ್ತು. ಬಲಗೈಯನ್ನೂ ಒಮ್ಮೆ ಹಿಡಿದಳು. ಆಮೇಲೆ ಹಗ್ಗವನ್ನು ಎತ್ತಿಕೊಂಡಳು.

"ಅಕ್ಕ, ನೀವು ಇರಿ, ಮಣ್ಣು ಹಾಕ್ಬೇಕು," ಎಂದ ಬೇಕರಿಯವನು. "ನಾವು ಹೋಗ್ತೀವಿ."

"ನಾನಿರ್ತೀನಿ ಇವನ ಹತ್ರ," ಎಂದಳು ಇಸ್ತ್ರಿ ಅತ್ತೆ. ಕೋಲೂರಿ ಎದ್ದು, ಪೆಟ್ಟಿಗೆಯ ಅಂಚು ಹಿಡಿದು ನಿಂತಳು. "ನನ್ನ ಪಾಲಿನ ಮಣ್ಣೂ ಹಾಕ್ತೀನಿ, ನಿನ್ನ ಪಾಲಿಂದೂ ಹಾಕ್ತೀನಿ. ನೀನು ಹೋಗು ಮಗಳೇ. ಬಾಲ ಹಿಡಿ."

*

ಗೇಟಿನೊಳಗೆ ಮಕ್ಕಳು ಸಾಲಾಗಿ ನಿಂತಿದ್ದರು. ಹೊರಗೆ ಲಾರಿಗಳು ಧೂಳೆಬ್ಬಿಸಿಕೊಂಡು ಹೋಗುತ್ತಿದ್ದವು. ಬೇರೆ ಕಡೆಯ ಮಕ್ಕಳೆಲ್ಲ ಮನೆ ಸೇರಿಯಾಗಿತ್ತು. ಕಾವಲುಗಾರ ಸಾಕಾಗಿ ಕುರ್ಚಿಯಲ್ಲಿ ಕುಳಿತಿದ್ದ. ರಸ್ತೆಯಂಚಲ್ಲೇ ನಡ್ಕೊಂಡು ಮನೆಗೆ ಹೋಗಿ ಅಂತ ಎಷ್ಟು ಹೇಳಿದ್ರೂ ಕದಲ್ತಿಲ್ಲ ಎಂದು ದೂರಿದ. ಮಕ್ಕಳು ತಂತಮ್ಮ ಜಾಗದಲ್ಲೇ ನಿಂತು, ಸೊಂಟದ ಪಕ್ಕಕ್ಕೆ ಮುಷ್ಟಿ ಬಿಗಿದಿದ್ದರು, ಹಿಡಿಕೆ ಆಗಲೇ ಕೈಯಲ್ಲಿದ್ದ ಹಾಗೆ.

ಬೇಕರಿಯವನು ಹಗ್ಗದ ತಲೆ ಹಿಡಿದು ಸುರುಳಿ ಬಿಚ್ಚುತ್ತ ಮುಂದೆ ಹೋದ. ಅವನ ಮಗ ಕೊನೆಯ ಹಿಡಿಕೆಗೆ ಕೈ ಹಾಕಿ, ಹೊಸಬಳನ್ನು ಕೆಳಗಿಂದ ಮೇಲಕ್ಕೆ ಅಳೆದ.

"ನೀವು ಬಾಲಾನಾ?" ಎಂದು ಕೇಳಿದ.

"ಇವತ್ತಿಗೆ," ಎಂದಳು.

ಸಾಲು ಹೊರಟಿತು. ಬಲಗೈಯಲ್ಲಿ ಬೇಕರಿಯವನ ಮಗನ ಕೈ ಹಿಡಿದು, ಹಗ್ಗದ ತುದಿಯನ್ನು ಅವಳು ಎಡಗೈಗೆ ಸುತ್ತಿಕೊಂಡಿದ್ದಳು. ಮಕ್ಕಳ ನಡಿಗೆಗೆ ಅದು ಭುಜವನ್ನು ಮೆಲ್ಲಗೆ ಎಳೆಯುತ್ತಿತ್ತು. ಆ ಜಾಗದಿಂದ ಎಲ್ಲವೂ ಕಾಣುತ್ತದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಹತ್ತಿರದ ಮಕ್ಕಳನ್ನು ನೋಡಲು ತಲೆ ಬಗ್ಗಿಸಬೇಕು. ತಲೆಯೆತ್ತಿದರೆ ಕಣ್ಣು ನೆಟ್ಟಗೆ ಹೋಗಿ ನಿಲ್ಲುವುದು ಮೊದಲ ಹಿಡಿಕೆಯ ಮಗುವಿನ ಮೇಲೆ. ಇಂದು ಅಲ್ಲಿ ಕೆಂಪು ರಿಬ್ಬನ್ನಿನ ಜಡೆಯೊಂದಿತ್ತು. ಎಷ್ಟು ಧೂಳೆದ್ದರೂ ಅದು ಮರೆಯಾಗಲಿಲ್ಲ.

ತಿರುವು ಹತ್ತಿರವಾಯಿತು. ಎದುರಿನಿಂದ ತುಂಬಿದ ಲಾರಿಯೊಂದು ಬರುವ ಸದ್ದಾಯಿತು. ಅವಳ ಕಣ್ಣು ಮಂಜಾಯಿತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಆಗ ಆ ಕೆಂಪು ರಿಬ್ಬನ್ನಿನ ಹುಡುಗಿ ನಡೆಯುತ್ತಲೇ ಹಿಂದಿರುಗಿ ಇವಳನ್ನು ನೋಡಿದಳು.

ಇವಳು ನಗಲಿಲ್ಲ. ಗದ್ದವೆತ್ತಿ ಮುಂದೆ ತೋರಿಸಿದಳು.