ರೋಗಿಗಳ ಎಣ್ಣೆ ಹೊತ್ತ ಡಬ್ಬಿ ನಾನು

ನಾನು ಒಂದು ಹಿತ್ತಾಳೆಯ ಡಬ್ಬಿ. ಎತ್ತರ ಹೆಬ್ಬೆರಳಿನಷ್ಟು, ಹೊಟ್ಟೆ ಒಂದು ಉಂಡೆ ಹತ್ತಿ ಹಿಡಿಯುವಷ್ಟು. ಆದರೆ ನನ್ನ ಗತ್ತು ಮಾತ್ರ ದೊಡ್ಡದು. ಕೊಪ್ಪರಿಗೆಗಳು ಮದುವೆ ಮನೆಯಲ್ಲಿ ಅನ್ನ ಬೇಯಿಸಿವೆ, ಗಂಟೆಗಳು ಊರಿಗೆ ಊರನ್ನೇ ಎಬ್ಬಿಸಿವೆ. ಕಾಯಿಲೆ ಬಿದ್ದವರ ಹಣೆಯ ಕಾವನ್ನು ನನ್ನಷ್ಟು ಹತ್ತಿರದಿಂದ ಕಂಡ ಪಾತ್ರೆ ಇನ್ನೊಂದಿದ್ದರೆ ತೋರಿಸಿ.

ನಾಗಮಂಗಲದ ಕಡೆಯ ಕಂಚುಗಾರನೊಬ್ಬ ನನ್ನನ್ನು ಎರಕ ಹೊಯ್ದ. ಅರದಲ್ಲಿ ಉಜ್ಜಿ, ತಿರುಪಿನ ಮುಚ್ಚಳ ಕೂರಿಸಿ, ಅದರ ನೆತ್ತಿಯ ಮೇಲೆ ಶಿಲುಬೆ ಕೊರೆದ. ಕೊಳ್ಳಲು ಬಂದವರು ಸಂತಪ್ಪ ಸ್ವಾಮಿಗಳು, ತೋಪಿನಪಾಳ್ಯದ ಚರ್ಚಿನ ಗುರುಗಳು.

ಪ್ರತಿವರ್ಷ ಈಸ್ಟರಿಗೆ ಮುಂಚಿನ ಪವಿತ್ರ ವಾರದಲ್ಲಿ ಬಿಷಪರು ದೊಡ್ಡ ಚರ್ಚಿನಲ್ಲಿ ಎಣ್ಣೆಯನ್ನು ಆಶೀರ್ವದಿಸುತ್ತಾರೆ. ಅದರಲ್ಲಿ ರೋಗಿಗಳಿಗೆಂದೇ ಮೀಸಲಾದ ಪಾಲು ಹತ್ತಿಯಲ್ಲಿ ನೆನೆದು ನನ್ನ ಹೊಟ್ಟೆಗೆ ಬಂತು. ಸ್ವಾಮಿಗಳ ನಿಲುವಂಗಿಯ ಜೇಬಿನಲ್ಲಿ, ಅವರ ಸೈಕಲ್ಲಿನ ಮೇಲೆ, ನಾನು ಊರೂರು ಸುತ್ತಿದೆ. ಕಾಯಿಲೆಯವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುವುದು, ನನ್ನೊಳಗಿನ ಎಣ್ಣೆಯನ್ನು ಹಣೆಗೂ ಅಂಗೈಗಳಿಗೂ ಹಚ್ಚುವುದು, ಮನೆಯವರೆಲ್ಲ ಮೊಣಕಾಲೂರಿ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಹೇಳುವುದು. ಇಷ್ಟೇ ನನ್ನ ಕೆಲಸ. ಇದಕ್ಕಿಂತ ದೊಡ್ಡ ಕೆಲಸ ಲೋಕದಲ್ಲಿದೆ ಎಂದು ಯಾರು ಹೇಳಿದರೂ ನಾನು ನಂಬುವುದಿಲ್ಲ.

ಆದರೆ ತೋಪಿನಪಾಳ್ಯದ ಜನ ನನ್ನನ್ನು ಕಂಡರೆ ಬೆಚ್ಚುತ್ತಿದ್ದರು. ಅವರ ಲೆಕ್ಕದಲ್ಲಿ ನಾನು ಸಾವಿನ ಡಬ್ಬಿ. ತಪ್ಪು ಅವರದೇ. ರೋಗಿಗೆ ಮಾತು ನಿಂತು, ಕಣ್ಣುಗುಡ್ಡೆ ಮೇಲೆ ಸಿಕ್ಕಿಕೊಂಡ ನಂತರವಷ್ಟೇ ಸ್ವಾಮಿಗಳಿಗೆ ಹೇಳಿಕಳಿಸುತ್ತಿದ್ದರು. ಎಣ್ಣೆ ಹಚ್ಚಿದ ಸ್ವಲ್ಪ ಹೊತ್ತಿಗೆ ಉಸಿರು ನಿಲ್ಲುತ್ತಿತ್ತು. ನೋಡಿದಿರಾ, ಎಣ್ಣೆ ಬಿತ್ತು, ಜೀವ ಹೋಯ್ತು ಎನ್ನುತ್ತಿದ್ದರು. ಅಕಸ್ಮಾತ್ ಯಾರಾದರೂ ಬದುಕಿ ಎದ್ದರೆ ಅದಕ್ಕೂ ಒಂದು ಕಟ್ಟಳೆ ಇತ್ತು: ಎಣ್ಣೆ ಬಿದ್ದ ಕೈ ಮತ್ತೆ ಗೇಯಬಾರದು. ಹೀಗೆ ಎದ್ದ ಒಬ್ಬ ಗಟ್ಟಿ ಆಳು ಆಮೇಲೆ ಜಗಲಿ ಬಿಟ್ಟು ಕದಲಲೇ ಇಲ್ಲ. ಗುದ್ದಲಿ ಹಿಡಿ ಎಂದು ಹೆಂಡತಿ ರೇಗಿದರೆ ಎರಡೂ ಅಂಗೈ ತೋರಿಸುತ್ತಿದ್ದ.

ಇದು ಸಾವಿನ ಎಣ್ಣೆಯಲ್ಲ ಎಂದು ಸಂತಪ್ಪ ಸ್ವಾಮಿಗಳು ಚರ್ಚಿನಲ್ಲಿ ಪ್ರಸಂಗದ ಮೇಲೆ ಪ್ರಸಂಗ ಮಾಡಿ ದಣಿದರು. ಕಡೆಗೆ ನನ್ನನ್ನು ಹೊಸಬರಾದ ಫಾದರ್ ಪಾಸ್ಕಲರ ಕೈಗಿಟ್ಟು, “ಇದು ಬದುಕೋರ ಎಣ್ಣೆ ಅಂತ ಒಬ್ಬರಿಗಾದರೂ ಅರ್ಥ ಮಾಡಿಸಪ್ಪ” ಎಂದು ಹೇಳಿ ವರ್ಗವಾಗಿ ಹೋದರು.

ಆ ‘ಒಬ್ಬರು’ ಮದ್ಲೇನಮ್ಮ. ರೇಷ್ಮೆ ಹುಳ ಸಾಕುವ ಮನೆಯ ಯಜಮಾನಿ. ಗಂಡ ರಾಯಪ್ಪ ತೀರಿಕೊಂಡದ್ದು ನನ್ನ ಎಣ್ಣೆ ಬಿದ್ದ ದಿನವೇ. ಆಗ ನಾನು ಆ ಮನೆಯಲ್ಲಿದ್ದೆ. ಅವಳು ನನ್ನ ಕಡೆ ಬೀರಿದ ನೋಟವನ್ನು ಮರೆತಿಲ್ಲ. ಈಗ ಮಗ ಸಗಾಯರಾಜನಿಗೆ ಹೃದಯದ ಕವಾಟ ಕೆಟ್ಟಿತ್ತು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಮೈಸೂರಿನಲ್ಲಿ ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಸಗಾಯಿ ಹಟ ಹಿಡಿದ: ಎಣ್ಣೆ ಹಚ್ಚಿಸಿಕೊಳ್ಳದೆ ಬಸ್ಸು ಹತ್ತುವುದಿಲ್ಲ. ತಾಯಿಯೂ ಹಟ ಹಿಡಿದಳು: ಎಣ್ಣೆ ಹಚ್ಚಿದರೆ ಮಗ ಬಸ್ಸಿನಿಂದ ಇಳಿಯುವುದಿಲ್ಲ.

ಫಾದರ್ ಮೊದಲ ಸಲ ಹೋದಾಗ ಅವಳು ಮೊರ ಹಿಡಿದು ಬಾಗಿಲಿಗೇ ಬಂದಳು. “ಸ್ತೋತ್ರ ಸ್ವಾಮಿ. ಬನ್ನಿ, ಜಪ ಮಾಡ್ಕೊಡಿ, ಕಾಪಿ ಕುಡೀರಿ. ಆ ಡಬ್ಬಿ ಮಾತ್ರ ಜೇಬಲ್ಲೇ ಇರ್ಲಿ. ಹುಳದ ಮನೆ ಇದು, ಎಣ್ಣೆ ಜಿಡ್ಡು ತಾಕುದ್ರೆ ಒಂದೂ ಉಳಿಯಲ್ಲ.”

ಹುಳದ ಮಾತು ಸುಳ್ಳಲ್ಲ. ಎಣ್ಣೆ ಕೈಯಲ್ಲಿ ಯಾರೂ ಹಿಪ್ಪುನೇರಳೆ ಸೊಪ್ಪು ಮುಟ್ಟುವುದಿಲ್ಲ. ಫಾದರ್ ಜಪ ಮಾಡಿ, ಕಾಫಿ ಕುಡಿದು ಮರಳಿದರು. ನಾನು ಜೇಬಿನಲ್ಲಿ ಕುದಿಯುತ್ತಿದ್ದೆ.

ಮೈಸೂರಿಗೆ ಹೊರಡುವ ಮುನ್ನಾದಿನ ಮತ್ತೆ ಹೋದೆವು. ಸಗಾಯಿ ದಿಂಬಿಗೊರಗಿ ಕೂತಿದ್ದ. ಬಟ್ಟೆ ತುಂಬಿದ ಚೀಲವನ್ನು ಮಂಚದಡಿಗೆ ತಳ್ಳಿದ್ದ.

“ಅವ್ವ, ಅಪ್ಪನಿಗೆ ಸ್ವಾಮಿ ಹೇಳಿದ್ದು ಒಂದಕ್ಸರ ಕೇಳುಸ್ಲಿಲ್ಲ. ನಂಗೆ ಕಿವಿ ಕೇಳೋವಾಗ್ಲೇ ಆ ಪ್ರಾರ್ತನೆ ಬೇಕು.”

“ನಿಂಗೆ ಕೇಳ್ತದೆ ಕಣ್ಲಾ. ಅದುನ್ನ ಕೇಳ್ಕಂಡು ಅವನೂ ಬಂದುಬುಟ್ರೆ?”

“ಯಾರು?”

“ಸಾವು ಕಣ್ಲಾ, ಇನ್ಯಾರು.”

ಫಾದರ್ ವಾದ ಮಾಡಲಿಲ್ಲ. ಅವಳ ಮೊಣಕಾಲಿನ ಊತವನ್ನು ನೋಡುತ್ತ ಹೇಳಿದರು: “ಮದ್ಲೇನಮ್ಮ, ನಿಮಗೆ ವಯಸ್ಸಾಯಿತು, ಮಂಡಿ ಹಿಡಿದಿದೆ, ಉಬ್ಬಸ ಬೇರೆ. ಇದು ನಿಮ್ಮಂಥವರಿಗೂ ಹಚ್ಚುವ ಎಣ್ಣೆಯೇ.”

ತಟ್ಟೆಗಳಲ್ಲಿ ಹುಳಗಳು ಸೊಪ್ಪು ಮೇಯುವ ಸದ್ದು ಸಣ್ಣ ಮಳೆಯಂತೆ ಕೇಳುತ್ತಿತ್ತು. ಅವಳು ಮಗನ ಮುಖ ನೋಡಿದಳು. ಆಮೇಲೆ ಸೆರಗಿನಲ್ಲಿ ಹಣೆ ಒರೆಸಿಕೊಂಡು ಫಾದರ್ ಮುಂದೆ ಕೂತಳು.

“ಹಂಗಾದ್ರೆ ಮೊದ್ಲು ನಂಗೆ ಹಚ್ಚಿ ಸ್ವಾಮಿ. ಅವನು ಬಂದ್ರೆ ನನ್ನೇ ಕರ್ಕಂಡು ಓಗ್ಲಿ. ನಾನು ಬೆಳಿಗ್ಗೆ ಎದ್ರೆ ಮಗುಂಗೆ ಹಚ್ಚೀರಂತೆ.”

ಎಷ್ಟೋ ಹಣೆ ಕಂಡವನು ನಾನು. ಮಗನ ಪಾಲಿನ ಸಾವನ್ನು ತನಗೆ ಕೊಡಿ ಎಂದು ನೀಡಿದ ಹಣೆ ಅದೊಂದೇ. ಫಾದರ್ ಉಗುರು ನನ್ನ ಅಂಚಿಗೆ ತಾಗಿ ಟಿಣ್ ಎಂದಿತು. ಜಡ್ಡುಗಟ್ಟಿದ ಅವಳ ಅಂಗೈಗಳು ಎಣ್ಣೆಯನ್ನು ಒಣನೆಲದಂತೆ ಕುಡಿದವು. ಪ್ರಾರ್ಥನೆಯ ಸಾಲು ಸಾಲಿಗೂ ಅವಳು ‘ಆಮೆನ್’ ಎಂದದ್ದು ಜಗಳಕ್ಕೆ ನಿಂತವರ ದನಿಯಲ್ಲಿ.

ಬೆಳಿಗ್ಗೆ ನಾವು ಹೋಗುವಷ್ಟರಲ್ಲಿ ಮದ್ಲೇನಮ್ಮ ಸೀಗೆಪುಡಿಯಲ್ಲಿ ಕೈ ತಿಕ್ಕಿ ತೊಳೆದು, ತೋಟದಿಂದ ಸೊಪ್ಪು ಕೊಯ್ದು ತಂದು, ಹುಳಕ್ಕೆ ಹಾಕುತ್ತಿದ್ದಳು. ಬೇಲಿಯಾಚೆ ನೆರೆಯವರು ನಿಂತಿದ್ದರು. ಒಬ್ಬಾಕೆ ಕೂಗಿದಳು: “ಎಣ್ಣೆ ಬಿದ್ ಕೈಲಿ ಗೇಯ್ತಿದ್ದೀಯಲ್ಲಮ್ಮಿ.”

“ನೀನು ಬಂದು ಗೇದುಕೊಡ್ತೀಯೇನೆ? ಬಾ, ಹುಳದ ಹಿಕ್ಕೆ ಬಾಚೋದಿನ್ನೂ ಬಾಕಿ ಅದೆ.”

ಬೇಲಿ ಖಾಲಿಯಾಯಿತು. ಅವಳೇ ಫಾದರನ್ನು ಒಳಗೆ ಕರೆದೊಯ್ದು ಮಗನ ಪಕ್ಕ ನಿಲ್ಲಿಸಿದಳು. ಸಗಾಯಿ ಒಂದೊಂದು ಮಾತನ್ನೂ ಕೇಳಿಸಿಕೊಂಡ. ಅವನ ಹಣೆ ಬೆವರಿತ್ತು. ಪ್ರಾರ್ಥನೆ ಮುಗಿಯುವಷ್ಟರಲ್ಲಿ ಭುಜಗಳು ಸಡಿಲವಾದವು. ಚೀಲ ತಾನೇ ಎತ್ತಲು ಹೋಗಿ ತಾಯಿಯ ಕೈಯಲ್ಲಿ ಬೈಸಿಕೊಂಡು, ಬಸ್ಸು ಹತ್ತಿದ.

ಬದುಕಿ ಬಂದ. ಕೊಯ್ದು ಹೊಲಿದವರು ವೈದ್ಯರು, ಉಳಿಸಿದವನು ಕರ್ತ. ಗುಣಪಡಿಸಿದ್ದು ನಾನೆಂದು ಕೊಚ್ಚಿಕೊಳ್ಳುವಷ್ಟು ಹಗುರ ಲೋಹ ನನ್ನದಲ್ಲ. ಆದರೆ ಹೆದರಿದ ಮನುಷ್ಯನೊಬ್ಬ ಹೆದರಿಕೆ ಇಳಿಸಿ ಬಸ್ಸು ಹತ್ತಿದನಲ್ಲ, ಅಷ್ಟರ ಹೆಮ್ಮೆ ನನಗಿದೆ, ಇರಲಿ.

ಆಮೇಲೆ ರೋಗಿಗಳನ್ನು ಪೊರೆಯುವ ಲೂರ್ದು ಮಾತೆಯ ಹಬ್ಬದಂದು ರೋಗಿಗಳೆಲ್ಲ ಚರ್ಚಿನಲ್ಲೇ ಸಾಲುಗಟ್ಟುವ ರೂಢಿ ಬಂತು. ಸಾಲಿನ ಮುಂದೆ ಮದ್ಲೇನಮ್ಮ. ಅಂಗೈ ತೋರಿಸುತ್ತಿದ್ದ ಆ ಆಳನ್ನು ರಟ್ಟೆ ಹಿಡಿದು ಎಳೆತಂದು, “ಹಚ್ಚಿಸ್ಕೊ, ನಾಳೆಯಿಂದ ಗುದ್ದಲಿ ಹಿಡಿ” ಎಂದಳು. ಚರ್ಚೆಲ್ಲ ನಕ್ಕಿತು.

ವರ್ಷಗಳು ಉರುಳಿದವು. ನನ್ನ ಶಿಲುಬೆಯ ಗೆರೆ ಸವೆಯಿತು, ಫಾದರ್ ಪಾಸ್ಕಲರ ಕೂದಲು ಹಣ್ಣಾಯಿತು. ಒಂದು ಮಧ್ಯಾಹ್ನ ಸಗಾಯಿ ತಾನೇ ಬಂದು ನಮ್ಮನ್ನು ಕರೆದ. ಮದ್ಲೇನಮ್ಮ ಗೋಡೆಗೊರಗಿ ಕೂತಿದ್ದಳು, ಉಸಿರು ಮೇಲಕ್ಕೂ ಕೆಳಕ್ಕೂ ತೂಗುತ್ತಿತ್ತು. ಸೊಸೆ ಬಿಕ್ಕುತ್ತಿದ್ದಳು.

“ಅಳೋದು ಆಮೇಲೆ. ಸ್ವಾಮಿ ಬಂದವ್ರೆ, ಕಾಪಿಗಿಡು ಓಗು” ಎಂದಳು ಅತ್ತೆ.

ಫಾದರ್ ನನ್ನ ಮುಚ್ಚಳ ತಿರುಗಿಸುವ ಮೊದಲೇ ಅವಳ ಎರಡೂ ಅಂಗೈ ಮೇಲ್ಮುಖವಾಗಿ ಚಾಚಿದ್ದವು. ಪ್ರಾರ್ಥನೆಯನ್ನು ಕೊನೆಯ ಆಮೆನ್‌ವರೆಗೆ ಹೇಳಿದಳು. ಈ ಸಲ ದನಿಯಲ್ಲಿ ಜಗಳವಿರಲಿಲ್ಲ. ಹೊತ್ತು ಮುಳುಗುವ ಮುಂಚೆ ಹೋದಳು.

ಎಣ್ಣೆ ಬಿದ್ದ ದಿನವೇ ಸಾವು ಬಂದಿತ್ತು. ಯಾರು ಏನನ್ನುತ್ತಾರೋ ಎಂದು ನಾನು ಜೇಬಿನೊಳಗೆ ಕಾದೆ. ಅಂಗಳ ತುಂಬ ಜನ ಸೇರಿದ್ದರು. ನನ್ನ ಮೇಲೆ ಯಾರೂ ಒಂದು ಮಾತು ಹೊರಿಸಲಿಲ್ಲ. ಬೇಲಿಯಾಚೆಯ ಆ ನೆರೆಯಾಕೆ ಈಗ ಕೋಲೂರಿಕೊಂಡು ಫಾದರ್ ಹತ್ತಿರ ಬಂದಳು.

“ಸ್ವಾಮಿ, ನಂಗೂ ಎದೆನೋವು ಸುರುವಾಗದೆ. ನಾಳೆ ಮಣ್ಣು ಮುಗುಸ್ಕಂಡು ನಮ್ಮನೆಗೂ ಒಂದ್ಸಲ ಬನ್ನಿ.”

ಈಗ ನಾನು ಚರ್ಚಿನ ಹಿಂದಿನ ಕೋಣೆಯ ಬೀರುವಿನಲ್ಲಿದ್ದೇನೆ. ನನ್ನ ಕೆಲಸ ಹೊಳೆಯುವ ಹೊಸ ಡಬ್ಬಿಗೆ ಹೋಗಿದೆ. ಅದಕ್ಕೆ ದಿನವೂ ಕರೆ ಬರುತ್ತದೆ: ಹೆರಿಗೆ ಕಷ್ಟವಾಗಿದೆಯಂತೆ, ಕಣ್ಣಿನ ಆಪರೇಷನ್ನಂತೆ, ಅಜ್ಜನಿಗೆ ನಿದ್ದೆಯಿಲ್ಲವಂತೆ. ಫಾದರ್ ಬೀರುವಿನ ಬಾಗಿಲು ತೆಗೆದು ಅದನ್ನು ಎತ್ತಿಕೊಂಡಾಗಲೆಲ್ಲ ನಾನು ಮನಸ್ಸಿನಲ್ಲೇ ಹೇಳುತ್ತೇನೆ: ಧೈರ್ಯವಾಗಿ ಹೋಗು ತಂಗಿ, ಅಲ್ಲಿ ಬಾಗಿಲು ತೆರೆದಿರುತ್ತದೆ.