ರಿವರ್ಸಿಲ್ಲದ ತಿಗಣೆ

"ಮಹಾಜನಗಳೇ! ಇನ್ನು ಕೆಲವೇ ಕ್ಷಣಗಳಲ್ಲಿ, ಅರ್ಧ ಕೇಜಿ ಮೀರದ ಮಹಾಯೋಧರ ಅಂತಿಮ ಸಮರ! ಎಲ್ರೂ ಉಸಿರು ಬಿಗಿಹಿಡಿದು ಕೂತ್ಕೊಳ್ಳಿ!" ಅಂತ ಮೈಕು ಗುಡುಗಿತು.

ಮಹಾಜನ ಅಂದ್ರೆ ಹಾಲಲ್ಲಿದ್ದ ನಲವತ್ತು ಚಿಲ್ಲರೆ ಮಂದಿ. ನಿಜವಾಗ್ಲೂ ಉಸಿರು ಬಿಗಿಹಿಡಿದು ಕೂತಿದ್ದು ಮಾತ್ರ ಪಂಪ್ ಮಾವ ಒಬ್ಬರೇ. ನೀರೆತ್ತೋ ಪಂಪು ಮಾರಿ ಮಾರಿ ತಲೆ ನೆರೆಸಿಕೊಂಡ ಅವರಿಗೆ ನೆಂಟರಿಷ್ಟರೆಲ್ಲ ಕೊಟ್ಟಿದ್ದ ಬಿರುದು ಅದು. ಗಾಜಿನ ಗೋಡೆಯ ಕಣದ ಪಕ್ಕ ರಿಮೋಟು ಹಿಡಿದು ನಿಂತವಳು ಅವರ ಅಕ್ಕನ ಮಗಳು. ಕಣದೊಳಗೆ ಅವಳ ರೋಬೋಟು, ತಿಗಣೆ. ಹೆಸರಿಗೆ ತಕ್ಕ ಹಾಗೆ ಚಪ್ಪಟೆ, ಮೊರದಂಥ ಮೂತಿ, ಬೆನ್ನ ಹಿಂದೆ ಗಿರಗಿರ ತಿರುಗೋ ಬ್ಲೇಡು. ಗೆದ್ದವರಿಗೆ, ಪಂದ್ಯ ನಡೆಸೋ ರೋಬೋಟ್ ಕ್ಲಬ್ಬಿನ ವರ್ಕ್‌ಶಾಪಲ್ಲಿ ವರ್ಷಪೂರ್ತಿ ಒಂದು ಟೇಬಲ್ಲು. ಅವಳಿಗೆ ಬೇಕಾಗಿದ್ದು ಅದೇ. ಮನೇಲಿ ಅಮ್ಮನ ಇಸ್ತ್ರಿ ಟೇಬಲ್ ಮೇಲೆ ಬೆಸುಗೆ ಹಾಕಿ, ಎರಡು ಸೀರೆಗೆ ತೂತು ಮಾಡಿ, "ಇನ್ನೊಂದು ಸಲ ಆ ಹೊಗೆ ಎದ್ರೆ ನೀನೂ ನಿನ್ನ ತಿಗಣೇನೂ ಹೊರಗೆ" ಅಂತ ಅನ್ನಿಸಿಕೊಂಡಿದ್ದಳು.

ಹೋದ ವಾರ ಅವಳಿಗೆ ಪರೀಕ್ಷೆ. ಹಾಗಾಗಿ ಸ್ಪೀಡ್ ಕಂಟ್ರೋಲರ್ ತರೋ ಕೆಲಸ ಮಾವನ ಹೆಗಲೇರಿತ್ತು. ಬ್ಯಾಟರಿಗೂ ಮೋಟಾರಿಗೂ ನಡುವೆ ಕೂತು, ಚಕ್ರ ಎಷ್ಟು ಜೋರಾಗಿ ತಿರುಗಬೇಕು ಅಂತ ಹೇಳೋ ಹೆಬ್ಬೆರಳಿನ ಉಗುರಿನಷ್ಟು ಸರ್ಕ್ಯೂಟ್ ಹಲಗೆ ಅದು. "ಚಿಕ್ಕದಿರಲಿ ಮಾವ. ಹಿಂದಕ್ಕೂ ಮುಂದಕ್ಕೂ ತಿರುಗಿಸೋದು ಬೇಕು" ಅಂದಿದ್ದಳು. "ಮೋಟಾರಿನ ವಿಷಯ ನಂಗೆ ಹೇಳ್ತೀಯೇನೇ?" ಅಂದಿದ್ದರು ಮಾವ.

ಅಂಗಡಿಯವನೂ ಕೇಳಿದ್ದ. "ರೋಬೋಟಿಗಾ ಸಾರ್? ಇದು ಡ್ರೋನಿಂದು, ಒಂದೇ ಕಡೆ ತಿರುಗಿಸೋದು. ರಿವರ್ಸ್ ಬೇಕಂದ್ರೆ ಒಳಗಡೆ ಸೆಟ್ಟಿಂಗ್ ಬದಲಾಯಿಸ್ಬೇಕು. ಮಾಡ್ಕೊಡ್ಲಾ?"

ಮಾವ ಅಂಗಡಿ ತುಂಬಾ ಕೇಳೋ ಹಾಗೆ ನಕ್ಕಿದ್ದರು. "ಏನ್ರೀ, ಪಂಪು ಮಾರೋನ ಹತ್ರ ರಿವರ್ಸ್ ಅಂತೀರಲ್ಲ! ಹಿಂದಕ್ಕೆ ತಿರುಗೋ ಮೋಟಾರನ್ನ ನಾವು ಕಂಪ್ಲೇಂಟು ಅಂತ ವಾಪಸ್ ತಗೋತೀವಿ! ಇರೋದ್ರಲ್ಲಿ ಜಾಸ್ತಿ ಕರೆಂಟು ತಡಿಯೋದು ಕೊಡಿ ಸಾಕು."

ನಿನ್ನೆ ಸಂಜೆ ಎಲ್ಲ ಜೋಡಿಸಿ, ಅವಳು ರಿಮೋಟಿನ ಕಡ್ಡಿ ಹಿಂದಕ್ಕೆ ಎಳೆದಳು. ತಿಗಣೆ ಮಿಸುಕಲಿಲ್ಲ. ಮತ್ತೆ ಎಳೆದಳು. ಮಾವನಿಗೆ ಅಂಗಡಿಯವನ ಮಾತು ನೆನಪಾಯಿತು.

"ಸೆಟ್ಟಿಂಗ್ ಅಷ್ಟೇ ಮಾವ. ಅಂಗಡಿ ಇನ್ನೂ ತೆಗೆದಿರುತ್ತೆ, ಹತ್ತು ನಿಮಿಷದ ಕೆಲಸ. ಹೋಗಿ ಬರೋಣ್ವಾ?"

ಹೋಗಬಹುದಿತ್ತು. ಆದ್ರೆ ಆ ಅಂಗಡಿಯವನ ಮುಖ? ಆ ನಗು? ನಕ್ಕ ಬಾಯಲ್ಲೇ ಕೇಳಬೇಕಲ್ಲ!

"ಬೇಕಂತಲೇ ತಂದಿದ್ದು ಕಣೇ," ಅಂದುಬಿಟ್ಟರು ಮಾವ. "ಹಿಂದೆ ಸರಿಯೋ ದಾರಿ ಇದ್ರೆ ತಾನೇ ಹೆದರಿಕೆ? ಮುಂದೆ ನುಗ್ತಾನೇ ಇರೋನನ್ನ ಯಾರು ತಡೀತಾರೆ? ಇದಕ್ಕೆ ಯುದ್ಧತಂತ್ರ ಅಂತಾರೆ."

ಅವಳು ಅವರ ಮುಖ ನೋಡಿ, ರಿಮೋಟು ಕೆಳಗಿಟ್ಟಳು. "ಸರಿ ಮಾವ," ಅಂದಳು.

ತಂತ್ರ ಫಲಿಸಿಯೂಬಿಟ್ಟಿತು, ಅದೇ ದುರದೃಷ್ಟ. ಬೆಳಗಿನ ಎರಡೂ ಪಂದ್ಯದಲ್ಲಿ ತಿಗಣೆ ನುಗ್ಗಿ ನುಗ್ಗಿ ಗೆದ್ದಿತು. ಮಾವ ಪಕ್ಕದ ಕುರ್ಚಿಯವರಿಗೆ "ಐಡಿಯಾ ನಂದೇ" ಅಂತ ಹೇಳಿಯೂ ಆಗಿತ್ತು.

ಫೈನಲ್ಲಿನ ಗಂಟೆ ಬಾರಿಸಿದರು. ಎದುರಾಳಿ ರೋಬೋಟು, ಹೆಸರು ಇಕ್ಕಳ, ಎರಡು ಕೊಂಬು ಅಗಲಿಸಿ ಬಂತು. ತಿಗಣೆ ಸೀದಾ ನುಗ್ಗಿ, ಮೊರದ ಮೂತೀಲಿ ಅದನ್ನ ಎತ್ತಿ ಒಗೆಯಿತು. ಇಕ್ಕಳದ ಒಂದು ಚಕ್ರ ಹಾರಿ ಗಾಜಿಗೆ ಬಡಿಯಿತು. ಹಾಲಿನವರು ಹೋ ಅಂದರು. ಮಾವ ಎದ್ದೇ ನಿಂತರು.

ತಿಗಣೆ ಮಾತ್ರ ಅದೇ ವೇಗದಲ್ಲಿ ಹೋಗಿ ಮೂಲೆಯಲ್ಲಿ, ಗಾಜಿನ ಕೆಳಗಿನ ಸಂದಿಗೆ ಮೂತಿ ತೂರಿಸಿ ನಿಂತಿತು. ಅವಳು ಎಡಕ್ಕೆ ತಿರುಗಿಸಿದಳು, ಬಲಕ್ಕೆ ತಿರುಗಿಸಿದಳು. ಮೂತಿ ಇನ್ನಷ್ಟು ಒಳಗೆ ಹೋಯಿತು. ಬ್ಯಾಟರಿ ಭರ್ತಿ, ಬ್ಲೇಡು ಗಿರಗಿರ, ಮೈಮೇಲೆ ಒಂದು ಗೀರಿಲ್ಲ.

ಅಂಪೈರು ಬಗ್ಗಿ ನೋಡಿದರು. ಇಕ್ಕಳ ಉಳಿದೊಂದು ಚಕ್ರದಲ್ಲಿ ಕುಂಟ ಕೋಳಿ ಹಾಗೆ ಇದ್ದಲ್ಲೇ ಸುತ್ತು ಹಾಕ್ತಿತ್ತು.

"ಇಕ್ಕಳ ಚಲಿಸ್ತಿದೆ. ತಿಗಣೆ ಚಲಿಸ್ತಿಲ್ಲ. ರೂಲ್ಸ್ ಪ್ರಕಾರ ಎಣಿಸ್ಬೇಕು, ಸೊನ್ನೆಯೊಳಗೆ ಜಾಗ ಬಿಟ್ಟು ಕದಲದಿದ್ರೆ ಸೋಲು. ಹತ್ತು... ಒಂಬತ್ತು..."

"ಹಿಂದಕ್ಕೆ ತಗೊಳ್ಳಮ್ಮಾ!" ಅಂತ ಯಾರೋ ಕೂಗಿದರು. "ಒಂದಿಂಚು ಹಿಂದಕ್ಕೆ ಬಂದ್ರೆ ಗೆದ್ದೆ!"

ಅವಳು ಕಡ್ಡೀನ ಹಿಂದಕ್ಕೆ ಎಳೆಯಲೇ ಇಲ್ಲ. ಎಳೆದೂ ಉಪಯೋಗ ಇಲ್ಲ ಅಂತ ಗೊತ್ತಿದ್ದವರು ಆ ಹಾಲಿನಲ್ಲಿ ಇಬ್ಬರೇ. ಮಾವ ನಿಧಾನಕ್ಕೆ ಕೂತರು.

ಎಣಿಕೆ ಮುಗಿಯಿತು. ಇಕ್ಕಳದ ಹುಡುಗಿ ಓಡಿ ಬಂದು, "ಅಯ್ಯೋ, ರಿವರ್ಸ್ ಯಾಕೆ ಇಟ್ಟಿಲ್ಲ? ಯಾರು ಹೇಳಿದ್ರು ಹೀಗೆ ಮಾಡು ಅಂತ?" ಅಂದಳು. ಮಾವ ಬಾಯಿ ತೆರೆದರು.

"ನಾನೇ ಕಣೆ," ಅಂದಳು ಅಕ್ಕನ ಮಗಳು. "ಸೆಟ್ಟಿಂಗ್ ಮಾಡೋದು ಮರೆತುಹೋಯ್ತು."

ಅವಳು ಸಂದಿಯಿಂದ ಬಿಡಿಸಿ ತಂದಿದ್ದ ತಿಗಣೆಯನ್ನ ಮಾವ ಕೈ ಚಾಚಿ ತಗೊಂಡರು.

ಅವಳು ಇಕ್ಕಳದ ಮುರಿದ ಚಕ್ರ ಹುಡುಕಿಕೊಡೋಕೆ ಹೋದಳು. ತಿಗಣೆ ಮಾವನ ತೊಡೆ ಮೇಲೆ ಉಳಿಯಿತು, ಇನ್ನೂ ಬೆಚ್ಚಗೆ. ಸ್ವಿಚ್ಚು ಆರಿಸಿಯಾಗಿತ್ತು. ಅವರು ಅತ್ತಿತ್ತ ನೋಡಿ, ಬೆರಳಿನಿಂದ ಒಂದು ಚಕ್ರವನ್ನ ಹಿಂದಕ್ಕೆ ತಿರುಗಿಸಿದರು. ಸಲೀಸಾಗಿ ತಿರುಗಿತು.