ನಲವತ್ತನೆಯ ಪುಟದ ಅಜ್ಜಿ

ನಮ್ಮ ವಂಶದ ಪುಸ್ತಕ ಅಂದು ಸಂಜೆ ಅಚ್ಚಿಗೆ ಹೋಗಬೇಕಿತ್ತು. ಬೆಳಿಗ್ಗೆ ಕರಡು ತೆರೆದರೆ, ಅಜ್ಜಿ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದರು ಎಂಬ ಸಾಲಿನ ಮೇಲೆ ಕೆಂಪು ಗೀಟು! ನನಗೆ ಮೈಯೆಲ್ಲ ಉರಿದುಹೋಯಿತು. ಗೀಟು ಎಳೆದವನು ದೊಡ್ಡಪ್ಪನ ಮಗ, ವಕೀಲ. ಮನೆಯಲ್ಲಿ ಅವನಿಗೆ ಲಾ ಪಾಯಿಂಟ್ ಎಂದೇ ಹೆಸರು.

ಅತ್ತೆಯನ್ನೂ ಕರೆದುಕೊಂಡು ನೇರವಾಗಿ ಅವನ ಆಫೀಸಿಗೇ ಹೋದೆ. ಅಜ್ಜಿಯ ಮಕ್ಕಳಲ್ಲಿ ಈಗ ಉಳಿದಿರುವವರು ಅತ್ತೆ ಒಬ್ಬರೇ. ಅಮ್ಮ ಹೆಡ್ ಮಿಸ್ ಆಗಿದ್ದರು ಎಂದು ಅವರು ಹೇಳಿದಾಗಲೆಲ್ಲ, ಗಂಟೆ ಹೊಡೆಯುತ್ತಿದ್ದರು ಅಷ್ಟೇ ಎಂದು ಮನೆಯವರು ನಕ್ಕುಬಿಡುತ್ತಿದ್ದರು. ಅತ್ತೆ ಕಣ್ಣು ಮುಚ್ಚುವ ಮೊದಲು ಇದು ಅಚ್ಚಾಗಲೇಬೇಕೆಂದು ನಾನು ಹಟ ತೊಟ್ಟಿದ್ದೆ.

"ನೀನು ಕೊಟ್ಟ ಆಧಾರ ನೋಡ್ದೆ ಕಣೇ," ಎಂದ ಅಣ್ಣ. "ಶಾಲೆಯ ಸ್ಮರಣ ಸಂಚಿಕೆ, ಪುಟ ನಲವತ್ತು. ಅಲ್ಲಿರೋದು ಸೈಕಲ್ ಅಂಗಡಿ ಜಾಹೀರಾತು."

"ಹೋಗ್ಲಿ ಬಿಡೇ," ಎಂದರು ಅತ್ತೆ, ಸೆರಗು ಹಿಂಡುತ್ತಾ.

"ಪುಸ್ತಕ ಕೈಯಲ್ಲಿ ಹಿಡಿದು ನೋಡಿದ್ಯಾ?" ಎಂದು ಅಣ್ಣನನ್ನು ಕೇಳಿದೆ.

"ಲೈಬ್ರರಿಗೆ ಯಾರು ಹೋಗ್ತಾರೆ? ಸ್ಕ್ಯಾನ್ ಮಾಡಿ ನೆಟ್‌ಗೆ ಹಾಕಿದ್ದಾರಲ್ಲ!"

"ನಲವತ್ತು ಅಂತ ಟೈಪ್ ಮಾಡಿ ಒತ್ತಿದೆ, ಅಲ್ವಾ?"

"ಮತ್ತಿನ್ನೇನು ಮಾಡ್ಬೇಕಿತ್ತು?"

ನನಗೆ ನಗು ತಡೆಯಲಾಗಲಿಲ್ಲ. "ಅಯ್ಯೋ ನಿನ್ನ! ಅದು ನಲವತ್ತನೇ ಚಿತ್ರ ಕಣೋ, ನಲವತ್ತನೇ ಪುಟ ಅಲ್ಲ. ರಟ್ಟು, ಸಂದೇಶ, ಮುನ್ನುಡಿ ಎಲ್ಲಾನೂ ಸೇರಿಸಿ ಎಣಿಸುತ್ತೆ ಅದು. ನಾನು ಬರ್ದಿರೋದು ಕಾಗದದ ಮೇಲೆ ಅಚ್ಚಾಗಿರೋ ಸಂಖ್ಯೆ."

ಅವನ ಮೌಸ್ ಕಿತ್ತುಕೊಂಡು ಪರದೆಯ ಮೇಲಿನ ಪುಟಗಳನ್ನು ಮುಂದೆ ಮುಂದೆ ಸರಿಸಿದೆ. ಪುಟದ ಕೆಳಗೆ ನಲವತ್ತು ಎಂದು ಅಚ್ಚಾಗಿದ್ದ ಕಡೆ ಮುಖ್ಯೋಪಾಧ್ಯಾಯರ ಭಾವಚಿತ್ರಗಳ ಸಾಲು. ಅದರ ನಡುವೆ ತುಟಿ ಬಿಗಿದು ಕೂತ ನಮ್ಮಜ್ಜಿ, ಕೆಳಗೆ ಹೆಸರು, ಹುದ್ದೆ. ಅಣ್ಣ ಕನ್ನಡಕ ಒರೆಸಿ ಮತ್ತೊಮ್ಮೆ ನೋಡಿದ.

"ತಪ್ಪಾಯ್ತು ಅತ್ತೆ," ಎಂದ. ಲಾ ಪಾಯಿಂಟ್ ಬಾಯಿಂದ ಆ ಮಾತು ನಾನು ಕೇಳಿದ್ದು ಅದೇ ಮೊದಲು.

ಅಡಿಟಿಪ್ಪಣಿಯಲ್ಲಿ ಎರಡನ್ನೂ ಸೇರಿಸಿದೆ: ಮುದ್ರಿತ ಪ್ರತಿ, ಪುಟ ನಲವತ್ತು, ಸ್ಕ್ಯಾನ್ ಪ್ರತಿ, ಚಿತ್ರ ಐವತ್ತೆರಡು, ಜಾಲತಾಣದ ವಿಳಾಸ, ನೋಡಿದ ದಿನಾಂಕ. ಇನ್ನು ಯಾವ ವಕೀಲ ಬಂದರೂ ಅದನ್ನು ಅಲ್ಲಾಡಿಸಲಾರ.

ಅತ್ತೆ ಪರದೆಯ ಮೇಲಿನ ತಮ್ಮ ಅಮ್ಮನ ಮುಖದಿಂದ ಕಣ್ಣು ಕೀಳಲಿಲ್ಲ. "ಮುಗೀತಾ?" ಎಂದರು.

"ಮುಗೀತು ಅತ್ತೆ."

"ಇಲ್ಲ, ಮುಗೀಲಿಲ್ಲ. ಈ ಶಾಲೆ ಪುಸ್ತಕ ಸಿಗೋಕೆ ಮೊದ್ಲೇ ನಾನು ಹೇಳಿರ್ಲಿಲ್ವಾ? ನನ್ನ ಮಾತು ಯಾರೂ ಲೆಕ್ಕಕ್ಕೆ ತಗೊಳ್ಳಲಿಲ್ಲ. ಟಿಪ್ಪಣೀಲಿ ನನ್ನನ್ನ ಮೇಲೆ ಹಾಕು. ಪುಸ್ತಕ ಕೆಳಗಿರ್ಲಿ."

ನಾನು ಅಣ್ಣನ ಮುಖ ನೋಡಿದೆ. ಅವನು ಏನೂ ವಾದಿಸದೆ ಕೀಬೋರ್ಡ್ ಎಳೆದುಕೊಂಡು, ಎಲ್ಲ ಆಧಾರಗಳ ಮೇಲೆ ತಾನೇ ಬರೆದ: 'ಮಗಳು ಹೇಳಿದ್ದು.'